ಮೊಡವೆಗೆ ಲೇಸರ್: ಸಹಿ ಹಾಕುವ ಮುಂಚೆ ತಿಳಿಯಬೇಕಾದದ್ದು

ಕಾಸರಗೋಡು: ಕಳೆದ ಮಳೆಗಾಲದ ಒಂದು ಸಂಜೆ ನೆರೆಮನೆಯ ತಾಯಿಯೊಬ್ಬರು ಕಾಗದವೊಂದನ್ನು ಹಿಡಿದುಕೊಂಡು ನಮ್ಮ ಜಗಲಿಗೆ ಬಂದರು. "ಅಣ್ಣಾ, ಇದರಲ್ಲಿ ಏನು ಬರೆದಿದ್ದಾರೆ ಅಂತ ಒಮ್ಮೆ ಓದಿ ಹೇಳಿ" ಎಂದರು. ಹಿಂದೆಯೇ ಅವರ ಮಗಳು, ಮುಖಕ್ಕೆ ಶಾಲು ಸುತ್ತಿಕೊಂಡು. ಪದವಿ ಮುಗಿಸಿದ ಹುಡುಗಿ, ಮದುವೆ ನಿಶ್ಚಯವಾಗಿತ್ತು. ಶಾಲು ಸರಿಸಿದಾಗ ಕಂಡದ್ದು ಎರಡೂ ಕೆನ್ನೆಗಳ ಮೇಲೆ ಬೆಂಕಿಪೆಟ್ಟಿಗೆಯ ಆಕಾರದ ಕಂದು ಪಟ್ಟಿಗಳು. ಅವುಗಳ ನಡುವೆ ಮೊಡವೆಗಳು ಇದ್ದಲ್ಲೇ ಇದ್ದವು.

ಮಂಗಳೂರಿನ ಒಂದು ಸ್ಕಿನ್ ಕ್ಲಿನಿಕ್ಕಿನಲ್ಲಿ ಆರು ಸಿಟ್ಟಿಂಗಿನ 'ಲೇಸರ್ ಪ್ಯಾಕೇಜ್' ತೆಗೆದುಕೊಂಡಿದ್ದರಂತೆ. ಎರಡು ಮುಗಿದಿತ್ತು, ಹಣ ಆರಕ್ಕೂ ಕಟ್ಟಿಯಾಗಿತ್ತು. ಕಾಗದವೆಂದರೆ ಒಪ್ಪಿಗೆ ಪತ್ರದ ಜೆರಾಕ್ಸ್. ಸುಟ್ಟಗಾಯ ಆಗಬಹುದು, ಚರ್ಮ ಕಪ್ಪಾಗಬಹುದು ಅಥವಾ ಬಿಳಿಚಬಹುದು, ಕಲೆ ಉಳಿಯಬಹುದು, ಫಲಿತಾಂಶದ ಖಾತರಿ ಇಲ್ಲ ಎಂದೆಲ್ಲ ಸಣ್ಣ ಅಕ್ಷರದಲ್ಲಿ ಇತ್ತು. ಕೊನೆಯ ಸಾಲು, 'ಇದೆಲ್ಲವನ್ನೂ ನನಗೆ ತಿಳಿಯುವ ಭಾಷೆಯಲ್ಲಿ ವಿವರಿಸಲಾಗಿದೆ'. ಆ ಸಾಲೂ ಇಂಗ್ಲಿಷಿನಲ್ಲೇ! ಕೆಳಗೆ ಹುಡುಗಿಯ ಕನ್ನಡ ಸಹಿ.

ನಾನು ಬಿ.ಎ. ಓದಿದವನು, ವೈದ್ಯನಲ್ಲ. ಆದರೆ ಆ ಸಂಜೆಯ ನಂತರ ಈ ವಿಷಯ ತಲೆಯಿಂದ ಹೋಗಲಿಲ್ಲ. ವೈದ್ಯಕೀಯ ಪತ್ರಿಕೆಗಳಲ್ಲಿ ಬಂದ ವರದಿಗಳನ್ನು ಹುಡುಕಿ ಓದಿದೆ, ಪರಿಚಯದ ಚರ್ಮವೈದ್ಯರನ್ನು ಕೇಳಿದೆ. ಈ ಬರಹ ಅದರ ಫಲ.

ಗಡಿನಾಡಿನವರಿಗೆ ಕಾಯಿಲೆ ಎಂದರೆ ಮೊದಲಿನಿಂದಲೂ ಮಂಗಳೂರು. 2020ರ ಮಾರ್ಚಿನಲ್ಲಿ ತಲಪಾಡಿಯಲ್ಲಿ ರಸ್ತೆಗೆ ಮಣ್ಣು ಸುರಿದಾಗ ಆ ಅವಲಂಬನೆ ಎಷ್ಟು ಆಳದ್ದೆಂದು ಎಲ್ಲರಿಗೂ ಗೊತ್ತಾಯಿತು. ಉಕ್ಕಿನಡ್ಕದ ವೈದ್ಯಕೀಯ ಕಾಲೇಜಿಗೆ 2013ರಲ್ಲಿ ಅಡಿಗಲ್ಲು ಬಿದ್ದರೂ ಹೊರರೋಗಿ ವಿಭಾಗ ತೆರೆದದ್ದು 2022ರಲ್ಲಿ. ಈಗ ಹೆದ್ದಾರಿ ಅಗಲವಾಗಿದೆ, ದಾರಿ ಹತ್ತಿರವಾಗಿದೆ. ಹೃದಯಕ್ಕೆ, ಕಿಡ್ನಿಗೆ ಹೋಗುತ್ತಿದ್ದ ದಾರಿಯಲ್ಲೇ ನಮ್ಮ ಹುಡುಗ ಹುಡುಗಿಯರು ಮುಖಕ್ಕೂ ಹೋಗುತ್ತಿದ್ದಾರೆ. ಮೊಬೈಲಿನಲ್ಲಿ ಕನ್ನಡದಲ್ಲೂ ಮಲಯಾಳಂನಲ್ಲೂ ಜಾಹೀರಾತು ಬರುತ್ತದೆ. 'ಮುಖಕ್ಕುರು ಮಾಯ' ಎಂದು ಒಂದು, 'ಮೊಡವೆಗೆ ಶಾಶ್ವತ ಪರಿಹಾರ' ಎಂದು ಇನ್ನೊಂದು.

ಮೊಡವೆ ದೊಡ್ಡ ಕಾಯಿಲೆಯಲ್ಲ ಎಂದು ನಮ್ಮ ತಲೆಮಾರಿನವರು ನಕ್ಕು ಬಿಡುತ್ತೇವೆ. ಹನ್ನೆರಡರಿಂದ ಇಪ್ಪತ್ನಾಲ್ಕು ವಯಸ್ಸಿನ ನೂರರಲ್ಲಿ ಸುಮಾರು 85 ಮಂದಿಗೆ ಒಂದಲ್ಲ ಒಂದು ಹಂತದಲ್ಲಿ ಬರುತ್ತದೆ, ಹೆಚ್ಚಿನವರಿಗೆ ಹೋಗುತ್ತದೆ ಎನ್ನುವುದು ನಿಜ. ಆದರೆ ಹೆಣ್ಣು ನೋಡಲು ಬಂದವರ ಎದುರು ಕಾಫಿ ಹಿಡಿದು ನಿಲ್ಲುವವರ ಸಂಕಟ ಅವರಿಗೇ ಗೊತ್ತು. ಮಾರುಕಟ್ಟೆಗೂ ಗೊತ್ತು.

ಬೆಳಕಿನಿಂದ ಮೊಡವೆ ಹೋಗುವುದು ಸುಳ್ಳೇ? ಪೂರ್ತಿ ಸುಳ್ಳಲ್ಲ. ಚರ್ಮದ ಎಣ್ಣೆ ಗ್ರಂಥಿಗಳಲ್ಲಿ ಎಣ್ಣೆ ಹೆಚ್ಚಾಗಿ, ರಂಧ್ರ ಕಟ್ಟಿ, ಒಳಗೆ ಒಂದು ಬಗೆಯ ಬ್ಯಾಕ್ಟೀರಿಯಾ ಬೆಳೆದು ಊತ ಬರುವುದೇ ಮೊಡವೆ. ಆ ಬ್ಯಾಕ್ಟೀರಿಯಾ ಪಾರ್ಫಿರಿನ್ ಎಂಬ ವಸ್ತುವನ್ನು ತಯಾರಿಸುತ್ತದೆ. ಅದರ ಮೇಲೆ 415 ನ್ಯಾನೋಮೀಟರ್ ಆಸುಪಾಸಿನ ನೀಲಿ ಬೆಳಕು ಬಿದ್ದರೆ ಒಂದು ರೀತಿಯ ಉಗ್ರ ಆಮ್ಲಜನಕ ಹುಟ್ಟಿ ಬ್ಯಾಕ್ಟೀರಿಯಾವನ್ನೇ ಕೊಲ್ಲುತ್ತದೆ. ನ್ಯಾನೋಮೀಟರ್ ಎಂದರೆ ಬೆಳಕಿನ ಅಲೆಯ ಉದ್ದ ಅಳೆಯುವ ಮಾನ. ಅದರ ಮೇಲೆ ಬಣ್ಣ ನಿಂತಿದೆ. ಕೆಂಪು ಬೆಳಕು ಇನ್ನೂ ಆಳಕ್ಕೆ ಹೋಗಿ ಊತ ತಗ್ಗಿಸುತ್ತದೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಮೊಡವೆಗೆ ನೀಲಿ ಬೆಳಕಿನ ಯಂತ್ರಕ್ಕೆ ಅನುಮತಿ ಕೊಟ್ಟದ್ದು 2002ರಲ್ಲಿ. ತೊಂದರೆ ಏನೆಂದರೆ ಬ್ಯಾಕ್ಟೀರಿಯಾ ಸತ್ತರೂ ಮತ್ತೆ ಬೆಳೆಯುತ್ತದೆ, ಎಣ್ಣೆ ಗ್ರಂಥಿ ಹಾಗೆಯೇ ಇರುತ್ತದೆ. ಹಾಗಾಗಿ 'ಶಾಶ್ವತ' ಎಂಬ ಮಾತು ಇಲ್ಲಿ ಕೂಡುವುದಿಲ್ಲ.

ಲೇಸರ್ ಬೇರೆ. ಒಂದೇ ಅಲೆಯುದ್ದದ ತೀಕ್ಷ್ಣ ಬೆಳಕು, ಚರ್ಮದೊಳಗಿನ ನಿರ್ದಿಷ್ಟ ವಸ್ತುವನ್ನು ಮಾತ್ರ ಕಾಯಿಸಬೇಕು ಎನ್ನುವುದು ಅದರ ಲೆಕ್ಕ. ಇನ್ನು ಐಪಿಎಲ್ ಎಂದರೆ (ಕ್ರಿಕೆಟ್ ಅಲ್ಲ) ಹಲವು ಬಣ್ಣ ಕೂಡಿದ ಬೆಳಕಿನ ಮಿಂಚು. ಅದು ಲೇಸರ್ ಅಲ್ಲವೇ ಅಲ್ಲ, ಆದರೂ ಜಾಹೀರಾತಿನಲ್ಲಿ ಎಲ್ಲವೂ 'ಲೇಸರ್'. ಅದರ ಹಿಡಿಕೆಯ ತುದಿ ಚೌಕಾಕಾರದ್ದು. ಶಕ್ತಿ ಹೆಚ್ಚಾದರೆ ಚರ್ಮದ ಮೇಲೆ ಅದೇ ಆಕಾರದ ಅಚ್ಚು ಬೀಳುತ್ತದೆ. ನೆರೆಮನೆಯ ಹುಡುಗಿಯ ಕೆನ್ನೆಯ ಬೆಂಕಿಪೆಟ್ಟಿಗೆ ಎಲ್ಲಿಂದ ಬಂತೆಂದು ನನಗೆ ತಿಳಿದದ್ದು ಚರ್ಮವೈದ್ಯರು ಇದನ್ನು ಹೇಳಿದ ಮೇಲೆಯೇ.

ಪರಿಣಾಮದ ಬಗ್ಗೆ ವಿಜ್ಞಾನಿಗಳಲ್ಲೇ ಒಮ್ಮತ ಇಲ್ಲ ಎಂಬುದಕ್ಕೆ ಹಳೆಯ ಒಂದು ಜೋಡಿ ಪ್ರಯೋಗ ಒಳ್ಳೆಯ ಉದಾಹರಣೆ. 2003ರಲ್ಲಿ ಲಂಡನ್ನಿನ ವೈದ್ಯರು 41 ಮಂದಿಯ ಮೇಲೆ 585 ನ್ಯಾನೋಮೀಟರಿನ ಪಲ್ಸ್ಡ್ ಡೈ ಲೇಸರ್ ಪ್ರಯೋಗಿಸಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬರೆದರು. ಒಂದೇ ಸಿಟ್ಟಿಂಗಿನ ಬಳಿಕ 12 ವಾರಗಳಲ್ಲಿ ಮೊಡವೆಗಳ ಸಂಖ್ಯೆ ಲೇಸರ್ ಪಡೆದವರಲ್ಲಿ ಶೇ. 53ರಷ್ಟು ಇಳಿದರೆ ಸುಳ್ಳು ಚಿಕಿತ್ಸೆ ಪಡೆದವರಲ್ಲಿ ಇಳಿದದ್ದು ಶೇ. 9 ಮಾತ್ರ. ಕಂಪನಿಗಳಿಗೆ ಹಬ್ಬ. ಮರುವರ್ಷವೇ ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದವರು ಅದೇ ಅಲೆಯುದ್ದದ ಲೇಸರನ್ನು 40 ಮಂದಿಯ ಅರ್ಧ ಮುಖಕ್ಕೆ ಮಾತ್ರ ಹಾಯಿಸಿ, ಇನ್ನರ್ಧವನ್ನು ಹಾಗೆಯೇ ಬಿಟ್ಟು ನೋಡಿದರು. 12 ವಾರ ಕಳೆದ ಮೇಲೆ ಎರಡು ಅರ್ಧಗಳ ನಡುವೆ ಹೇಳಿಕೊಳ್ಳುವ ವ್ಯತ್ಯಾಸವೇ ಇರಲಿಲ್ಲ! ಜಾಹೀರಾತು ಬರೆಯುವವರು ಮೊದಲನೆಯದನ್ನು ಮಾತ್ರ ಓದುತ್ತಾರೆ.

2016ರಲ್ಲಿ ಕಾಕ್ರೇನ್ ಎಂಬ ಅಂತರರಾಷ್ಟ್ರೀಯ ಸಂಸ್ಥೆ ಅಲ್ಲಿಯವರೆಗಿನ 71 ಪ್ರಯೋಗಗಳನ್ನು, ಒಟ್ಟು 4,211 ರೋಗಿಗಳ ಲೆಕ್ಕವನ್ನು ಒಟ್ಟಿಗೆ ಇಟ್ಟು ತೂಗಿತು. ಬೆಳಕಿನ ಚಿಕಿತ್ಸೆಗೆ ಗಟ್ಟಿ ಗುಣಮಟ್ಟದ ಪುರಾವೆ ಇಲ್ಲ ಎಂಬುದೇ ತೀರ್ಮಾನ. ಅಮೆರಿಕದ ಚರ್ಮವೈದ್ಯರ ಅಕಾಡೆಮಿ 2024ರಲ್ಲಿ ಹೊರಡಿಸಿದ ಮಾರ್ಗದರ್ಶಿಯೂ ಲೇಸರ್ ಮತ್ತು ಬೆಳಕಿನ ಯಂತ್ರಗಳ ಬಗ್ಗೆ ಶಿಫಾರಸು ಮಾಡಲು ಪುರಾವೆ ಸಾಲದು ಎಂದಿದೆ. ಅದೇ ಮಾರ್ಗದರ್ಶಿ ಬಲವಾಗಿ ಶಿಫಾರಸು ಮಾಡಿದ್ದು ಯಾವುದನ್ನು ಗೊತ್ತೇ? ಬೆಂಜಾಯಿಲ್ ಪೆರಾಕ್ಸೈಡ್, ಅಡಾಪಲೀನ್‌ನಂಥ ರೆಟಿನಾಯ್ಡ್ ಮುಲಾಮುಗಳನ್ನು. ಹೆಚ್ಚಿದ್ದರೆ ಡಾಕ್ಸಿಸೈಕ್ಲಿನ್ ಗುಳಿಗೆಯನ್ನು. ತೀವ್ರವಾಗಿದ್ದರೆ ಐಸೋಟ್ರೆಟಿನೋಯಿನ್ ಅನ್ನು. ಮುಲಾಮು ನಮ್ಮ ಪೇಟೆಯ ಮದ್ದಿನಂಗಡಿಗಳಲ್ಲೇ ಕೆಲವು ನೂರು ರೂಪಾಯಿಗೆ ಸಿಗುತ್ತದೆ.

ಹಾಗಾದರೆ ಜನ ಯಾಕೆ ಮುಲಾಮು ಬಿಟ್ಟು ಯಂತ್ರದ ಕಡೆ ಹೋಗುತ್ತಾರೆ? ತಾಳ್ಮೆ ಸಾಲದು. ಮುಲಾಮು ಹಚ್ಚಿದರೆ ಮೊದಲ ವಾರಗಳಲ್ಲಿ ಚರ್ಮ ಒಣಗಿ ಉರಿಯುತ್ತದೆ, ಗುಣ ಕಾಣಲು ಎಂಟರಿಂದ ಹನ್ನೆರಡು ವಾರ ಬೇಕು. ಇದನ್ನು ಯಾರೂ ಮೊದಲೇ ಹೇಳುವುದಿಲ್ಲ. ಹತ್ತು ದಿನ ಹಚ್ಚಿ 'ನನಗೆ ಆಗಿಬರುವುದಿಲ್ಲ' ಎಂದು ಎಸೆಯುತ್ತಾರೆ. ನೆರೆಮನೆಯ ಹುಡುಗಿಯೂ ಹಾಗೆಯೇ ಎಸೆದವಳು. ಅದಕ್ಕೂ ಮುಂಚೆ ಕೊಲ್ಲಿಯಿಂದ ಬಂದ ಸಂಬಂಧಿಕರು ಕೊಟ್ಟ ಹೆಸರಿಲ್ಲದ ಬಿಳುಪಿನ ಕ್ರೀಮು ಒಂದು ವರ್ಷ ಹಚ್ಚಿದ್ದಳು.

ಈ ಕ್ರೀಮಿನ ಕಥೆ ಬೇರೆಯೇ ದೊಡ್ಡದು. ಸ್ಟೀರಾಯ್ಡ್ ಬೆರೆತ ಮುಲಾಮು ಹಚ್ಚಿದರೆ ಮೊದಲು ಮುಖ ಹೊಳೆಯುತ್ತದೆ, ಆಮೇಲೆ ಚರ್ಮ ತೆಳುವಾಗಿ ಮೊಡವೆ ಇನ್ನಷ್ಟು ಏಳುತ್ತದೆ. 2018ರಲ್ಲಿ ಕೇಂದ್ರ ಸರ್ಕಾರ 14 ಸ್ಟೀರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿ ಇಲ್ಲದೆ ಮಾರಬಾರದೆಂದು ಹೇಳಿದ್ದು ಇದಕ್ಕೇ. ಮಲಪ್ಪುರಂ ಜಿಲ್ಲೆಯಲ್ಲಿ 2023ರಲ್ಲಿ ಪಾದರಸ ಬೆರೆತ ಬಿಳುಪಿನ ಕ್ರೀಮು ಹಚ್ಚಿದವರಿಗೆ ಕಿಡ್ನಿ ಕಾಯಿಲೆ ಬಂದದ್ದು, ಕೇರಳದ ಔಷಧ ನಿಯಂತ್ರಣ ಇಲಾಖೆ 'ಆಪರೇಷನ್ ಸೌಂದರ್ಯ' ನಡೆಸಿದ್ದು ಓದುಗರಿಗೆ ನೆನಪಿರಬಹುದು. ಇಂಥ ಕ್ರೀಮು ಹಚ್ಚಿ ತೆಳುವಾದ ಚರ್ಮದ ಮೇಲೆ ಯಂತ್ರ ಹಾಯಿಸಿದರೆ ಏನಾದೀತು? ಆ ಕ್ಲಿನಿಕ್ಕಿನಲ್ಲಿ ಮೊದಲು ಏನು ಹಚ್ಚುತ್ತಿದ್ದೆ ಎಂದು ಒಬ್ಬರೂ ಕೇಳಲಿಲ್ಲವಂತೆ.

ಈಗ ಮುಖ್ಯ ವಿಷಯಕ್ಕೆ ಬರೋಣ. ಬೆಳಕು ಚರ್ಮದೊಳಗೆ ಹೋಗುವಾಗ ಎಣ್ಣೆ ಗ್ರಂಥಿಗಿಂತ ಮೊದಲು ಎದುರಾಗುವುದು ಮೆಲನಿನ್, ಅಂದರೆ ಚರ್ಮಕ್ಕೆ ಕಪ್ಪು ಕೊಡುವ ಬಣ್ಣ. ಬಿಳಿಯರಲ್ಲಿ ಅದು ಕಡಿಮೆ, ನಮ್ಮಲ್ಲಿ ಹೆಚ್ಚು. ಬೆಳಕಿನ ಶಕ್ತಿಯನ್ನು ಮೆಲನಿನ್ ಮೇಲೆಯೇ ಹೀರಿಕೊಂಡರೆ ಮೇಲ್ಚರ್ಮ ಬೇಯುತ್ತದೆ. ಬೆಂದ, ಕೆರಳಿದ ಚರ್ಮ ನಮ್ಮಂಥವರಲ್ಲಿ ಕಪ್ಪು ಕಲೆ ಬಿಟ್ಟೇ ಮಾಗುತ್ತದೆ. ಸೊಳ್ಳೆ ಕಚ್ಚಿದ ಜಾಗವೂ ತಿಂಗಳುಗಟ್ಟಲೆ ಕಪ್ಪಾಗಿ ಉಳಿಯುವ ಚರ್ಮ ನಮ್ಮದು. ಈ ಚಿಕಿತ್ಸೆಯ ಪ್ರಯೋಗಗಳಲ್ಲಿ ಬಹಳಷ್ಟು ನಡೆದದ್ದು ಬಿಳಿ ಚರ್ಮದವರ ಮೇಲೆ. ಆ ಲೆಕ್ಕದ ಶಕ್ತಿಯನ್ನು ಬದಿಯಡ್ಕದ ಬಿಸಿಲಿನಲ್ಲಿ ಬೆಳೆದ ಮುಖಕ್ಕೆ ಹಾಗೆಯೇ ಇಟ್ಟರೆ ಅನಾಹುತ.

ನೀಲಿ ಬೆಳಕಿನದು ಇನ್ನೊಂದು ವಿಪರ್ಯಾಸ. ಮೊಡವೆಯ ಬ್ಯಾಕ್ಟೀರಿಯಾ ಸಾಯುವುದು 415 ನ್ಯಾನೋಮೀಟರಿಗೆ ಎಂದೆನಲ್ಲ, 2014ರಲ್ಲಿ ಫ್ರಾನ್ಸಿನ ಸಂಶೋಧಕರು ಅದೇ 415ರ ಬೆಳಕನ್ನು ಗೋಧಿ ಬಣ್ಣದ ಆರೋಗ್ಯವಂತರ ಮೈಮೇಲೆ ಬಿಟ್ಟು ನೋಡಿದಾಗ ಚರ್ಮ ಕಪ್ಪಾಯಿತು, ಆ ಕಪ್ಪು ತಿಂಗಳುಗಳವರೆಗೂ ಉಳಿಯಿತು. 630ರ ಕೆಂಪು ಬೆಳಕಿಗೆ ಹಾಗಾಗಲಿಲ್ಲ. ಆನ್‌ಲೈನಿನಲ್ಲಿ ನೀಲಿ ಬೆಳಕಿನ ಮುಖವಾಡ ತರಿಸಿ ರಾತ್ರಿ ಹಾಕಿಕೊಂಡು ಕೂರುವವರು ಇದನ್ನು ಗಮನಿಸಬೇಕು. ಕಣ್ಣಿನ ವಿಚಾರವೂ ಇದೆ. ಜಾನ್ಸನ್ ಅಂಡ್ ಜಾನ್ಸನ್ ಕಂಪನಿ 2019ರಲ್ಲಿ ತನ್ನ ನ್ಯೂಟ್ರೋಜೀನಾ ಬೆಳಕಿನ ಮುಖವಾಡವನ್ನು ಹಿಂದಕ್ಕೆ ಪಡೆಯಿತು. ಮೊದಲೇ ಕೆಲವು ಕಣ್ಣಿನ ದೋಷ ಇದ್ದವರಿಗೆ, ಬೆಳಕಿಗೆ ಸೂಕ್ಷ್ಮವಾಗಿಸುವ ಔಷಧಿ ತೆಗೆದುಕೊಳ್ಳುವವರಿಗೆ ಹಾನಿಯ ಸಾಧ್ಯತೆ ಇದೆ ಎಂಬುದು ಕಾರಣ. ಮೊಡವೆಗೆ ಕೊಡುವ ಡಾಕ್ಸಿಸೈಕ್ಲಿನ್ ಗುಳಿಗೆಯೇ ಬೆಳಕಿಗೆ ಸೂಕ್ಷ್ಮವಾಗಿಸುವ ಔಷಧಿ ಎಂಬುದನ್ನು ಮರೆಯಬೇಡಿ.

ಫೋಟೋಡೈನಮಿಕ್ ಎಂಬ ಚಿಕಿತ್ಸೆಯಲ್ಲಿ ಮುಖಕ್ಕೆ ಒಂದು ದ್ರಾವಣ ಹಚ್ಚಿ, ಅದು ಚರ್ಮಕ್ಕೆ ಇಳಿದ ಮೇಲೆ ಬೆಳಕು ಬಿಡುತ್ತಾರೆ. ಪರಿಣಾಮ ಉಳಿದವಕ್ಕಿಂತ ಹೆಚ್ಚು, ನೋವು, ಊತ, ಕಪ್ಪಾಗುವುದೂ ಹೆಚ್ಚು. ಆಮೇಲೆ ಎರಡು ದಿನ ಬಿಸಿಲಿಗೆ ಮುಖ ತೋರಿಸುವಂತಿಲ್ಲ. ಬ್ರಿಟನ್ನಿನ ನೈಸ್ ಸಂಸ್ಥೆಯ 2021ರ ಮಾರ್ಗದರ್ಶಿ ಇದನ್ನು ಹದಿನೆಂಟು ದಾಟಿದವರಿಗೆ, ಅದೂ ಬೇರೆ ಔಷಧಿ ಫಲಿಸದಿದ್ದರೆ ಅಥವಾ ಕೊಡುವಂತಿಲ್ಲದಿದ್ದರೆ ಮಾತ್ರ ಯೋಚಿಸಬಹುದು ಎಂದಿದೆ.

ಹೊಸದೊಂದು ಬೆಳವಣಿಗೆಯನ್ನೂ ಹೇಳಬೇಕು. ಇಲ್ಲದಿದ್ದರೆ ನಾನು ಯಂತ್ರದ್ವೇಷಿ ಎನ್ನಿಸಿಕೊಂಡೇನು. 1726 ನ್ಯಾನೋಮೀಟರಿನ ಲೇಸರ್ ಎಣ್ಣೆ ಗ್ರಂಥಿಯನ್ನೇ ಗುರಿಯಾಗಿ ಕಾಯಿಸುತ್ತದೆ, ಮೆಲನಿನ್ ಅದನ್ನು ಹೆಚ್ಚು ಹೀರುವುದಿಲ್ಲ. 2022ರಲ್ಲಿ ಎಫ್‌ಡಿಎ ಇಂಥ ಎರಡು ಯಂತ್ರಗಳಿಗೆ ಅನುಮತಿ ಕೊಟ್ಟಿತು. ಅವುಗಳಲ್ಲಿ ಏವಿಕ್ಲಿಯರ್ ಎಂಬುದನ್ನು ತಿಂಗಳಿಗೊಮ್ಮೆಯಂತೆ ಮೂರು ಸಲ ಹಾಯಿಸುತ್ತಾರೆ. 104 ಮಂದಿಯ ಪ್ರಯೋಗದಲ್ಲಿ 12 ವಾರಕ್ಕೆ ಸುಮಾರು ಶೇ. 80 ಮಂದಿಯ ಊದಿದ ಮೊಡವೆಗಳು ಅರ್ಧದಷ್ಟಾದರೂ ಇಳಿದವು. ಆಶಾದಾಯಕವೇ. ಆದರೆ ಆ ಪ್ರಯೋಗದಲ್ಲಿ ಹೋಲಿಸಿ ನೋಡಲು ಲೇಸರ್ ಪಡೆಯದ ಇನ್ನೊಂದು ಗುಂಪು ಇರಲಿಲ್ಲ. 'ಇತ್ತೀಚಿನ ಅಮೆರಿಕನ್ ಲೇಸರ್' ಎಂದು ಯಾರಾದರೂ ಹೇಳಿದರೆ ಯಂತ್ರದ ಹೆಸರೇನು, ಎಷ್ಟು ನ್ಯಾನೋಮೀಟರು ಎಂದು ಕೇಳಿ. ಉತ್ತರ ಕೊಡಲು ತಡವರಿಸಿದರೆ ಎದ್ದು ಬನ್ನಿ.

ಇಲ್ಲಿ ಒಂದು ಗೊಂದಲ ಎಲ್ಲರಲ್ಲೂ ಇದೆ. ಮೊಡವೆ ಬೇರೆ, ಮೊಡವೆ ಹೋದ ಮೇಲೆ ಉಳಿಯುವ ಗುಳಿ ಬೇರೆ. ಗುಳಿ ತುಂಬಲು ಫ್ರಾಕ್ಷನಲ್ ಲೇಸರಿಗೆ ಒಳ್ಳೆಯ ಹೆಸರಿದೆ, ತಜ್ಞರ ಕೈಯಲ್ಲಿ ಪ್ರಯೋಜನವೂ ಇದೆ. ಆದರೆ ಮೊಡವೆ ಏಳುತ್ತಿರುವಾಗ ಅಲ್ಲ. ಮೊದಲು ಮೊಡವೆ ಹತೋಟಿಗೆ ಬರಬೇಕು. ಗುಳಿ ಮುಚ್ಚಿದ 'ಮುಂಚೆ, ಆಮೇಲೆ' ಫೋಟೋ ತೋರಿಸಿ ಮೊಡವೆಗೆ ಪ್ಯಾಕೇಜ್ ಮಾರುವುದು ಕಾಯಿ ತೋರಿಸಿ ಸಿಪ್ಪೆ ಮಾರಿದ ಹಾಗೆ.

ಯಂತ್ರ ಹಿಡಿಯುವವರು ಯಾರು ಎನ್ನುವುದು ಮುಂದಿನ ಪ್ರಶ್ನೆ. 'ಕಾಸ್ಮೆಟಾಲಜಿಸ್ಟ್' ಎಂಬ ಬೋರ್ಡು ಕಂಡಾಕ್ಷಣ ಚರ್ಮವೈದ್ಯರು ಎಂದುಕೊಳ್ಳಬಾರದು. ಎಂಬಿಬಿಎಸ್ ನಂತರ ಚರ್ಮರೋಗದಲ್ಲಿ ಎಂ.ಡಿ., ಡಿ.ಎನ್.ಬಿ. ಅಥವಾ ಡಿಪ್ಲೊಮಾ ಮಾಡಿದವರು ಚರ್ಮವೈದ್ಯರು. ಅವರ ನೋಂದಣಿ ಸಂಖ್ಯೆಯನ್ನು ವೈದ್ಯಕೀಯ ಪರಿಷತ್ತಿನ ಪಟ್ಟಿಯಲ್ಲಿ ನೋಡಬಹುದು. ನೆರೆಮನೆಯ ಹುಡುಗಿಯನ್ನು ಮೊದಲ ದಿನ ನೋಡಿದ್ದು ವೈದ್ಯರೇ ಅಂತೆ, ಎರಡೂ ಸಲ ಯಂತ್ರ ಹಾಯಿಸಿದ್ದು ಮಾತ್ರ ಹೆಸರು ಹೇಳದ ಸಮವಸ್ತ್ರದ ಯುವತಿ.

ಗಡಿಯ ಸಮಸ್ಯೆ ಶುರುವಾಗುವುದು ಇಲ್ಲಿ. ಮಂಗಳೂರಿನ ಕ್ಲಿನಿಕ್ಕು ಕರ್ನಾಟಕದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯ ಅಡಿಯಲ್ಲಿದೆ, ಕಾಸರಗೋಡಿನದು ಕೇರಳದ 2018ರ ಕ್ಲಿನಿಕಲ್ ಎಸ್ಟಾಬ್ಲಿಷ್‌ಮೆಂಟ್ ಕಾಯ್ದೆಯ ಅಡಿಯಲ್ಲಿ. ಕೇರಳದ ಕಾಯ್ದೆ ದರಪಟ್ಟಿಯನ್ನೂ ಪ್ಯಾಕೇಜ್ ದರವನ್ನೂ ಎದ್ದುಕಾಣುವಂತೆ ತೂಗುಹಾಕಬೇಕು ಎನ್ನುತ್ತದೆ. 2025ರ ನವೆಂಬರಿನಲ್ಲಿ ಕೇರಳ ಹೈಕೋರ್ಟು ಇದನ್ನು ಎತ್ತಿಹಿಡಿದದ್ದು ಸ್ವಾಗತಾರ್ಹ. ಆದರೆ ಪಟ್ಟಿ ಇರಬೇಕಾದದ್ದು ಮಲಯಾಳಂ ಮತ್ತು ಇಂಗ್ಲಿಷಿನಲ್ಲಿ. ಮಂಜೇಶ್ವರ, ಕುಂಬಳೆ, ಪೈವಳಿಕೆಯ ಹಿರಿಯರು ಅದನ್ನು ಓದುವುದು ಹೇಗೆ? ಅತ್ತ ಮಂಗಳೂರಿನಲ್ಲಿ ಕನ್ನಡದ ರಾಜ್ಯದಲ್ಲೇ ಒಪ್ಪಿಗೆ ಪತ್ರ ಇಂಗ್ಲಿಷು. ಎರಡೂ ಕಡೆ ಭಾಷೆ ಬಲ್ಲ ನಾವು ಎರಡೂ ಕಡೆ ಓದಲಾಗದವರಾಗಿದ್ದೇವೆ.

ರೋಗಿಗೆ ಚಿಕಿತ್ಸೆಯ ಸ್ವರೂಪ, ಅಪಾಯ, ಬದಲಿ ದಾರಿ ಎಲ್ಲವನ್ನೂ ತಿಳಿಸಿಯೇ ಒಪ್ಪಿಗೆ ಪಡೆಯಬೇಕೆಂದು ಸುಪ್ರೀಂ ಕೋರ್ಟು ಸಮೀರಾ ಕೊಹ್ಲಿ ಪ್ರಕರಣದಲ್ಲಿ 2008ರಲ್ಲೇ ಹೇಳಿದೆ. ಸಹಿ ಇದೆ ಎಂದ ಮಾತ್ರಕ್ಕೆ ಒಪ್ಪಿಗೆ ಆಗಿಬಿಡುವುದಿಲ್ಲ. ಇನ್ನೊಂದು ಸಂಗತಿ ನಮ್ಮ ಊರಿನವರಿಗೆ ಬಹುತೇಕ ಗೊತ್ತಿಲ್ಲ. 2019ರ ಗ್ರಾಹಕ ರಕ್ಷಣಾ ಕಾಯ್ದೆಯ 34ನೇ ಕಲಂ ಪ್ರಕಾರ ದೂರುದಾರ ತಾನು ವಾಸಿಸುವ ಅಥವಾ ದುಡಿಯುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು. ಚಿಕಿತ್ಸೆ ಮಂಗಳೂರಿನಲ್ಲಿ ಆಗಿದ್ದರೂ ದೂರು ಕಾಸರಗೋಡಿನಲ್ಲಿ ನಡೆಯುತ್ತದೆ. ಅಕ್ಕಲಕೋಟೆಯವರು ಕಲಬುರಗಿಯಲ್ಲಿ, ಹೊಸೂರಿನವರು ಬೆಂಗಳೂರಿನಲ್ಲಿ ತೋರಿಸಿಕೊಂಡಿದ್ದರೂ ಇದೇ ನಿಯಮ. ಕೊಟ್ಟ ಹಣ ಐದು ಲಕ್ಷದೊಳಗಿದ್ದರೆ ಶುಲ್ಕ ಇಲ್ಲ. ಅವಧಿ ಎರಡು ವರ್ಷ. ಇ-ಜಾಗೃತಿ ಎಂಬ ಜಾಲತಾಣದಲ್ಲಿ ಮನೆಯಿಂದಲೇ ಸಲ್ಲಿಸಬಹುದು. ಅದಕ್ಕೆ ರಸೀದಿ ಬೇಕು, ಚಿಕಿತ್ಸೆಯ ದಾಖಲೆ ಬೇಕು. ರೋಗಿ ದಾಖಲೆ ಕೇಳಿದರೆ 72 ಗಂಟೆಯೊಳಗೆ ವೈದ್ಯರು ಕೊಡಬೇಕೆಂದು ವೈದ್ಯಕೀಯ ಪರಿಷತ್ತಿನ 2002ರ ನಿಯಮಾವಳಿಯಲ್ಲಿದೆ. ರಸೀದಿ ಇಲ್ಲದೆ ನಗದು ಕೊಟ್ಟರೆ ಸ್ವಲ್ಪ ಕಡಿಮೆ ಎನ್ನುವ ಆಸೆಗೆ ಬೀಳಬೇಡಿ.

ಎಲ್ಲ ಕ್ಲಿನಿಕ್ಕುಗಳೂ ಹೀಗೆ ಎಂದು ನಾನು ಹೇಳುತ್ತಿಲ್ಲ. ಈ ಬರಹಕ್ಕಾಗಿ ಮಾತಾಡಿದ ಚರ್ಮವೈದ್ಯರೊಬ್ಬರು ತಮ್ಮಲ್ಲಿ ಯಂತ್ರ ಇದ್ದರೂ ಮೊಡವೆಗೆ ಮೂರು ತಿಂಗಳು ಮುಲಾಮು ಹಚ್ಚಿಸದೆ ಅದರ ಹೆಸರೆತ್ತುವುದಿಲ್ಲ ಎಂದರು. ಯಂತ್ರ ಬಳಸಿದರೂ ಮೊದಲು ಕಿವಿಯ ಹತ್ತಿರ ಸಣ್ಣ ಜಾಗದಲ್ಲಿ ಕಡಿಮೆ ಶಕ್ತಿಯಲ್ಲಿ ಹಾಯಿಸಿ, ಕೆಲವು ವಾರ ಕಾದು, ಕಪ್ಪಾಗದಿದ್ದರೆ ಮಾತ್ರ ಮುಂದುವರಿಯುತ್ತಾರಂತೆ. ಐಸೋಟ್ರೆಟಿನೋಯಿನ್ ಕೊಡಲಾಗದವರಿಗೆ, ಉದಾಹರಣೆಗೆ ಮಗುವಿಗಾಗಿ ಕಾಯುತ್ತಿರುವ ಹೆಣ್ಣುಮಕ್ಕಳಿಗೆ, ಬೆಳಕಿನ ಚಿಕಿತ್ಸೆ ಒಂದು ದಾರಿ ಎಂದೂ ಹೇಳಿದರು. ಆ ಗುಳಿಗೆ ಹೊಟ್ಟೆಯಲ್ಲಿರುವ ಮಗುವಿಗೆ ತೀವ್ರ ಹಾನಿ ಮಾಡುತ್ತದೆ. ಅವರ ಕ್ಲಿನಿಕ್ಕಿಗೆ ಜಾಹೀರಾತಿಲ್ಲ, ಟೋಕನ್ ಹಿಡಿದು ಎರಡು ಗಂಟೆ ಕೂರಬೇಕು.

ನೆರೆಮನೆಯ ಹುಡುಗಿ ಈಗ ಅವರ ಬಳಿಯೇ ಹೋಗುತ್ತಿದ್ದಾಳೆ. ಹಗಲು ಸನ್‌ಸ್ಕ್ರೀನ್, ರಾತ್ರಿ ಮುಲಾಮು. ಮೊಡವೆ ಬಹುಮಟ್ಟಿಗೆ ಹತೋಟಿಗೆ ಬಂದಿದೆ. ಕಂದು ಪಟ್ಟಿಗಳು ತಿಳಿಯಾಗಿವೆ, ಮಾಸಿಲ್ಲ. ಮದುವೆ ಆಯಿತು. "ಫೋಟೋದಲ್ಲಿ ಮೇಕಪ್ ಇತ್ತಲ್ಲ ಮಾವ, ಕಾಣಲಿಲ್ಲ" ಎಂದಳು. ಉಳಿದ ನಾಲ್ಕು ಸಿಟ್ಟಿಂಗಿನ ಹಣ ವಾಪಸು ಕೇಳಿದ್ದಕ್ಕೆ 'ಪ್ಯಾಕೇಜ್ ಹಣ ಹಿಂತಿರುಗಿಸುವುದಿಲ್ಲ' ಎಂಬ ಉತ್ತರ ಬಂದಿದೆ. ಚಿಕಿತ್ಸೆಯ ದಾಖಲೆಗೆ ಬರಹದಲ್ಲಿ ಅರ್ಜಿ ಕೊಟ್ಟ ಮೇಲೆ ಎರಡು ಹಾಳೆ ಕೈಗೆ ಬಂತು. ಅದರಲ್ಲಿ ಅವಳ ಹೆಸರು, ತಾರೀಕು, ಕಟ್ಟಿದ ಮೊತ್ತ ಎಲ್ಲ ಸರಿಯಾಗಿದೆ. ಯಂತ್ರದ ಹೆಸರು ಮತ್ತು ಹಾಯಿಸಿದ ಶಕ್ತಿ ಬರೆಯಬೇಕಾದ ಜಾಗ ಎರಡೂ ದಿನ ಖಾಲಿ. ಆ ಹಾಳೆಗಳನ್ನು ಇಟ್ಟುಕೊಂಡು ಕಾಸರಗೋಡಿನ ಆಯೋಗಕ್ಕೆ ದೂರು ಬರೆಯುವ ಕೆಲಸ ಈಗ ನಮ್ಮ ಜಗಲಿಯಲ್ಲಿ ನಡೆಯುತ್ತಿದೆ.